ಬೆಳ್ಳಕ್ಕಿ ಬೆಳ್ಳಗಿರೋದೇ ಪ್ರಾಬ್ಲಮ್ಮು

ಮೊನ್ನೆ ಭಾನುವಾರ ಮತ್ತೆ ಮಂಡಗದ್ದೆಗೆ ಹೋಗಿದ್ದೆ. "ಮತ್ತೆ ಅಲ್ಲಿಗೇನಾ?" ಅಂದ್ಲು ನಮ್ಮನೆಯವಳು, ಛತ್ರಿ ಕೈಗೆ ಕೊಡ್ತಾ. ಅವಳು ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ, 2018ರಿಂದ ಹತ್ತಿರ ಹತ್ತಿರ ಪ್ರತಿ ಮಳೆಗಾಲ ಅದೇ ಜಾಗ, ಅದೇ ಹಕ್ಕಿ, ಮನೆಗೆ ಬಂದ್ಮೇಲೆ ಅದೇ ಸಪ್ಪೆ ಮುಖ.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಶಿವಮೊಗ್ಗದಿಂದ ತೀರ್ಥಹಳ್ಳಿ ರೋಡಲ್ಲಿ ಸುಮಾರು 30 ಕಿಲೋಮೀಟರ್ ಹೋದ್ರೆ ಮಂಡಗದ್ದೆ, ಅಲ್ಲಿ ತುಂಗೆ ಮಧ್ಯ ಒಂದು ಪುಟ್ಟ ದ್ವೀಪ ಇದೆ. ಮಳೆಗಾಲದಲ್ಲಿ ಹೊಳೆ ಏರಿದ್ರೆ ಮರಗಳ ಬುಡ ಎಲ್ಲಾ ಮುಳುಗಿ ತಲೆ ಮಾತ್ರ ಕಾಣ್ತಿರುತ್ತೆ, ಆ ತಲೆ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಗೂಡು, ಮರಿ, ಗಲಾಟೆ. ರೋಡ್ ಪಕ್ಕ ನಿಂತ್ರೂ ಕಾಣುತ್ತೆ. ಬಸ್ಸಲ್ಲಿ ಚಿಕ್ಕಂದಿನಿಂದ ನೂರು ಸಲ ಆ ದಾರೀಲಿ ಓಡಾಡಿದೀನಿ, ಒಂದು ದಿನಾನೂ ಇಳಿದು ನೋಡಿರ್ಲಿಲ್ಲ. ಕ್ಯಾಮೆರಾ ಬಂದ್ಮೇಲೇನೇ ಇಳಿದಿದ್ದು.

ಕ್ಯಾಮೆರಾ ಅಂದ್ರೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5300, ಜೊತೆಗೆ ಕ್ಯಾಮೆರಾ ಜೊತೆಗೇ ಬರೋ ಒಂದು ಕಿಟ್ ಲೆನ್ಸು, ದೂರದ್ದನ್ನ ಹತ್ತಿರ ಎಳೆಯೋ ಒಂದು 70-300 ಲೆನ್ಸು. ಮೊದಲ ದಿನ ಆಟೋ ಮೋಡಲ್ಲಿಟ್ಟು ಸುಮಾರು 400 ಫೋಟೋ ಹೊಡೆದೆ. ನಮ್ಮಪ್ಪನ ಹತ್ರ ಆಗ್ಫಾ ಕ್ಲಿಕ್ ಇತ್ತು, ಒಂದು ರೋಲಿಗೆ 12 ಫೋಟೋ, ಅಪ್ಪ ಒಂದು ಕ್ಲಿಕ್ ಮಾಡೋಕೆ ಮುಂಚೆ ನಮ್ಮನ್ನೆಲ್ಲ ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸೋರು. ನಾನು 400 ಹೊಡೆದು ರಾತ್ರಿ ಕಂಪ್ಯೂಟರಲ್ಲಿ ಹಾಕ್ಕೊಂಡು ನೋಡ್ತೀನಿ, ಮರದ ತುಂಬ ಯಾರೋ ಒಗೆದ ಬನೀನು ಒಣಗಿ ಹಾಕಿದಂಗಿದೆ! ಒಂದು ಗರಿ ಇಲ್ಲ, ಒಂದು ಪುಕ್ಕ ಇಲ್ಲ, ಬರೀ ಬಿಳೀ ಕಲೆ. ಎಲೆಗಳು ಮಾತ್ರ ಬಹಳ ಚೆನ್ನಾಗಿ ಬಂದಿದ್ವು.

ಮಾರಿದವನು ಮೋಸ ಮಾಡ್ದ ಅಂತ ಎರಡು ದಿನ ಬೈಕೊಂಡು ಓಡಾಡಿದೆ. ಆಮೇಲೆ ಓದ್ತಾ ಓದ್ತಾ ಗೊತ್ತಾಗಿದ್ದು, ಕ್ಯಾಮೆರಾಗೆ ಬೆಳ್ಳಕ್ಕಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಅದರೊಳಗಿರೋ ಮೀಟರು ಎದುರಿಗೆ ಏನೇ ಇದ್ರೂ ಅದು ಒಟ್ಟಾರೆ ಮಧ್ಯಮ ಬೂದು ಬಣ್ಣ ಅಂದ್ಕೊಳುತ್ತೆ, ಪುಸ್ತಕಗಳಲ್ಲಿ 18% ಗ್ರೇ ಅಂತ ಬರೆದಿರ್ತಾರಲ್ಲ ಅದು. ನನ್ನ ಫ್ರೇಮಲ್ಲಿ ಮುಕ್ಕಾಲು ಪಾಲು ಮಳೇಲಿ ನೆಂದು ಕಪ್ಪಾದ ಮರ, ಕಾಲು ಪಾಲೂ ಇಲ್ಲದ ಬೆಳ್ಳಕ್ಕಿ, ಅದಕ್ಕೆ ಕ್ಯಾಮೆರಾ ಪಾಪ "ಅಯ್ಯೋ ಕತ್ತಲೆ" ಅಂತ ಬೆಳಕು ಜಾಸ್ತಿ ಮಾಡಿದೆ, ಮರ ಸರಿಹೋಯ್ತು, ಹಕ್ಕಿ ಸುಟ್ಟುಹೋಯ್ತು. ಹಂಗೆ ಸುಟ್ಟ ಬಿಳೀನ ಆಮೇಲೆ ಯಾವ ಸಾಫ್ಟ್‌ವೇರಲ್ಲೂ ವಾಪಸ್ ತರೋಕಾಗಲ್ಲ, ಅಲ್ಲಿ ಮಾಹಿತೀನೇ ಇರಲ್ಲ. ಕತ್ತಲೆಯಿಂದ ಒಂದಿಷ್ಟು ಎಳೀಬಹುದು, ಬೆಳಕಿಂದ ಆಗಲ್ಲ.

ಓದಿದ್ದು ಸರಿ, ತಲೆಗೆ ಹತ್ತಬೇಕಲ್ಲ. ಅದಕ್ಕೆ ಅಪ್ಪನ ಬಿಳೀ ಪಂಚೆ ತಗೊಂಡು ಹಿತ್ಲಲ್ಲಿ ಪಾಚಿ ಹಿಡಿದು ಕಪ್ಪಾಗಿದ್ದ ಗೋಡೆ ಮುಂದೆ ಹಗ್ಗ ಕಟ್ಟಿ ನೇತಾಕಿದೆ. ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನ ನಾವೇ ಹೆಚ್ಚು ಕಮ್ಮಿ ಮಾಡೋಕೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅಂತ ಇರುತ್ತೆ, ದೂರ ನಿಂತ್ಕೊಂಡು ಅದನ್ನ ಸೊನ್ನೆಗಿಟ್ಟು ಒಂದು, ಮೈನಸ್ ಅರ್ಧಕ್ಕೆ ಒಂದು, ಮೈನಸ್ ಒಂದು, ಒಂದೂವರೆ, ಎರಡು. ಸೊನ್ನೇಲಿ ಪಂಚೆ ಬರೀ ಬಿಳೀ ಚೌಕ. ಮೈನಸ್ ಒಂದಕ್ಕೆ ಬಂದಾಗ ಮಡಿಕೆ ಕಾಣ್ತು. ಒಂದೂವರೆಗೆ ನೂಲು ಕಾಣ್ತು ಕಣ್ರೀ, ನೇಯ್ಗೆಯ ನೂಲು, ಅಂಚಿನ ಪಕ್ಕ ಅಪ್ಪನ ಬೀಡಿ ಕಿಡಿ ಬಿದ್ದು ಆಗಿದ್ದ ಸಾಸಿವೆಯಷ್ಟು ತೂತು ಕೂಡ. ಅಪ್ಪ ಹೋಗಿ ಆಗ್ಲೇ ಮೂರು ವರ್ಷ ಆಗಿತ್ತು, ಆ ತೂತು ಅಲ್ಲಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಸುಮ್ನೆ ಸ್ವಲ್ಪ ಹೊತ್ತು ಸ್ಕ್ರೀನೇ ನೋಡ್ತಾ ನಿಂತಿದ್ದೆ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಬಗ್ಗಿ "ಎಂತ ಮಾರಾಯ್ರೇ, ಪಂಚೆ ಸೇಲಿಗೆ ಇಟ್ರಾ?" ಅಂದ್ರು.

ಮುಂದಿನ ವರ್ಷ ಮೈನಸ್ ಒಂದೂವರೆ ಅಂತ ಬಾಯಿಪಾಠ ಮಾಡ್ಕೊಂಡು ಹೋದೆ. ಗರಿ ಬಂತು! ಜೊತೆಗೆ ಇನ್ನೊಂದೂ ಬಂತು, ಎಲ್ಲಾ ಹಾರೋ ಹಕ್ಕಿಗಳ ರೆಕ್ಕೆ ಕಲಸಿದ ಹಿಟ್ಟು. ಶಟರ್, ಅಂದ್ರೆ ಬೆಳಕಿಗೆ ಬಾಗಿಲು ತೆರೆದಿರೋ ಹೊತ್ತು, 1/250 ಸೆಕೆಂಡಲ್ಲಿತ್ತು, ಹಾರೋ ಬೆಳ್ಳಕ್ಕಿಗೆ ಅದು ಎಲ್ಲಿಗೂ ಸಾಲಲ್ಲ, 1/1600ಕ್ಕೆ ಏರಿಸಿದ್ರೆ ಮಳೆಗಾಲದ ಮೋಡಕ್ಕೆ ಕತ್ತಲೆ, ನನ್ನ ಲೆನ್ಸು 300ಕ್ಕೆ ಎಳೆದಾಗ ಎಫ್ 6.3ಕ್ಕಿಂತ ಬಾಯಿ ಬಿಡಲ್ಲ, ಅಂದ್ರೆ ಅದಕ್ಕಿಂತ ಜಾಸ್ತಿ ಬೆಳಕು ಒಳಗೆ ಬಿಡಲ್ಲ, ಉಳಿದಿದ್ದು ಐಎಸ್‌ಓ, ಬಂದಷ್ಟು ಬೆಳಕನ್ನೇ ಹಿಗ್ಗಿಸಿ ತೋರ್ಸೋದು, ಅದನ್ನ 3200 ಮಾಡಿದ್ರೆ ಫೋಟೋ ತುಂಬ ರವೆ ಚೆಲ್ಲಿದಂಗೆ ಕಾಳು ಕಾಳು. ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಗಿಡ್ಡ ಆಗೋ ಕಂಬಳಿ ಇದು. ನಂಗೆ ಮಜಾ ಹತ್ತಿದ್ದೇ ಇಲ್ಲಿ ಅಂತ ಈಗ ಅನ್ಸುತ್ತೆ. ಮೊದಲ ವರ್ಷ ಫೋಟೋ ಯಾಕೆ ಕೆಡ್ತು ಅಂತ ಗೊತ್ತಿರ್ಲಿಲ್ಲ, ಎರಡನೇ ವರ್ಷ ಗೊತ್ತಿತ್ತು. ಕೆಟ್ಟಿದ್ದು ಎರಡೂ ವರ್ಷ ಕೆಟ್ಟಿದ್ದೇ, ಆದ್ರೆ ಎರಡನೇ ವರ್ಷ ಬಸ್ಸಲ್ಲಿ ವಾಪಸ್ ಬರ್ತಾ ನಾನು ಖುಷಿಯಾಗಿದ್ದೆ.

ಅಲ್ಲೇ ಇನ್ನೊಂದು ಗೊತ್ತಾಯ್ತು, ಇದನ್ನ ಯಾವ ವಿಡಿಯೋದಲ್ಲೂ ನೋಡಿ ಕಲಿತಿದ್ದಲ್ಲ, ಬರೀ ಹಿಂಭಾಗದ ಫೋಟೋಗಳನ್ನೇ ತೆಗೆದೂ ತೆಗೆದೂ ಕಲಿತಿದ್ದು. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗೇ ಏಳೋದು, ಎದುರಾಗೇ ಇಳಿಯೋದು. ಗಾಳಿ ನಮ್ಮ ಬೆನ್ನಿಗೆ ಬಡೀತಿದ್ರೆ ಮುಖ ನಮ್ಮ ಕಡೆ, ನಮ್ಮ ಮುಖಕ್ಕೆ ಬಡೀತಿದ್ರೆ ಅವುಗಳ ಬಾಲ ನಮ್ಮ ಕಡೆ.

2020ರ ಲಾಕ್‌ಡೌನಲ್ಲಿ ಎಲ್ಲೂ ಹೋಗೋಹಂಗಿರ್ಲಿಲ್ಲ, ಊರಲ್ಲಿ ದೊಡ್ಡಮ್ಮನ ಮನೇಲಿದ್ದೆ. ಕಿಟ್ ಲೆನ್ಸನ್ನ ತಿರುಗಿಸಿ ಹಿಂದುಮುಂದಾಗಿ ಹಾಕಿದ್ರೆ ಮ್ಯಾಕ್ರೋ ಆಗುತ್ತೆ, ಅಂದ್ರೆ ಸಣ್ಣ ಹುಳಾನೂ ದೊಡ್ಡದಾಗಿ ತೆಗೀಬಹುದು, ಅದಕ್ಕೊಂದು ರಿಂಗ್ ಸಿಗುತ್ತೆ, ಕೆಲವು ನೂರು ರೂಪಾಯಿ ಅಷ್ಟೇ, ನನ್ನ ಹತ್ರ ಮೊದಲೇ ತಂದಿಟ್ಟಿದ್ದು ಇತ್ತು. ಆದ್ರೆ ತಿರುಗಿಸಿದ ಕೂಡ್ಲೇ ಲೆನ್ಸಿನ ಕಿಂಡಿ ತೀರಾ ಕಿರಿದಾಗಿ ಕಣ್ಣಿಗೆ ಹೆಚ್ಚುಕಮ್ಮಿ ಏನೂ ಕಾಣಲ್ಲ, ಹಿಂಭಾಗದಲ್ಲಿರೋ ಸಣ್ಣ ಲಿವರ್ ಸಂದಿಗೆ ಮಡಚಿದ ಕಾಗದದ ಚೂರು ಸಿಕ್ಕಿಸಿ ತೆರೆದಿಡಬೇಕು. ನಾನು ಸಿಕ್ಕಿಸಿದ್ದು ಬಸ್ ಟಿಕೆಟ್ಟು. ಫೋಕಸ್ ರಿಂಗ್ ತಿರುಗಿಸಿ ಉಪಯೋಗ ಇಲ್ಲ, ಉಸಿರು ಬಿಗಿ ಹಿಡಿದು ನಾವೇ ಹಿಂದೆ ಮುಂದೆ ಆಡ್ಬೇಕು, ಸ್ಪಷ್ಟವಾಗಿ ಕಾಣೋ ಭಾಗ ಒಂದು ಮಿಲಿಮೀಟರೂ ಇರಲ್ಲ. ಹಂಗೆ ಮಾವಿನ ಮರದ ಚಗಳಿ ಇರುವೆ ಗೂಡಿನ ಮುಂದೆ ಉಸಿರು ಹಿಡಿದು ನಿಂತಿದ್ದಾಗ ಒಂದು ದಂಡೇ ಅಂಗಿಯೊಳಗೆ ಹೋಯ್ತು. ಚಗಳಿ ಕಡಿಸಿಕೊಂಡೋರಿಗೆ ಗೊತ್ತು ಬಿಡಿ. ಆದ್ರೂ ಎರಡು ಚಗಳಿ ಎಲೆಯ ಅಂಚನ್ನ ಕಚ್ಚಿ ಎಳೀತಿರೋ ಒಂದು ಫೋಟೋ ಸಿಕ್ತು, ಅದು ಇವತ್ತಿಗೂ ನನ್ನ ಮೊಬೈಲಿನ ವಾಲ್‌ಪೇಪರ್.

ಅದೇ ಮಳೆಗಾಲ 70-300ಕ್ಕೆ ಫಂಗಸ್ ಹಿಡೀತು. ಮಲೆನಾಡಲ್ಲಿ ಬೀರುವೊಳಗೆ ಬಟ್ಟೆ ಮಧ್ಯ ಲೆನ್ಸ್ ಬೆಚ್ಚಗಿಟ್ಟ ಮಹಾನುಭಾವ ನಾನು, ಟಾರ್ಚ್ ಬಿಟ್ಟು ನೋಡಿದ್ರೆ ಗಾಜಿನೊಳಗೆ ಜೇಡರ ಬಲೆ ತರ ಎಳೆ ಎಳೆ. ಕ್ಲೀನ್ ಮಾಡ್ಸೋಕೆ ಕೊಟ್ಟ ದುಡ್ಡು ನಮ್ಮನೆಯವಳಿಗೆ ಇನ್ನೂ ಹೇಳಿಲ್ಲ. ಈಗ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ನೀಲಿ ಇದ್ದಿದ್ದು ತೇವ ಹೀರಿ ಗುಲಾಬಿ ಆದ್ರೆ ತೆಗೆದು ಬಿಸಿ ಮಾಡಿದ್ರೆ ಮತ್ತೆ ನೀಲಿ. ಅದಕ್ಕಂತಾನೇ ಒಂದು ಹಳೇ ಬಾಣಲೆ ಬೇರೆ ಇಟ್ಟಿದೀನಿ, ಅಡುಗೇಗೆ ಅದನ್ನ ಮುಟ್ಟಬಾರ್ದು. "ಕಡ್ಲೆಪುರಿ ಹುರೀತಿದೀರಾ?" ಅಂತ ಪ್ರತಿ ಸಲ ಕೇಳ್ತಾಳೆ.

ಇನ್ನೊಂದು, ಕೈಲಿ ದೊಡ್ಡ ಕ್ಯಾಮೆರಾ ನೋಡಿದ್ರೆ ನೆಂಟರಿಗೆ ನಾವು ಫೋಟೋಗ್ರಾಫರ್. ಒಂದು ನಾಮಕರಣಕ್ಕೆ ಒಪ್ಕೊಂಡು ಅನುಭವಿಸಿದೆ. ಸೀರಿಯಲ್ ಸೆಟ್ ಹಳದಿ, ಟ್ಯೂಬ್‌ಲೈಟ್ ಹಸಿರು, ಮಗು ಮುಖ ಒಂದು ಕಡೆ ಕಾಮಾಲೆ ಇನ್ನೊಂದು ಕಡೆ ಪಾಚಿ, ಸರಿಯಾಗಿ ಕಿವೀಲಿ ಹೆಸರು ಹೇಳೋ ಹೊತ್ತಿಗೆ ಕಾರ್ಡ್ ಫುಲ್. ಪ್ರಿಂಟ್ ಹಾಕ್ಸೋಕೆ ಹೋದಾಗ ಸ್ಟುಡಿಯೋದವ್ರ ಹತ್ರ ಇದನ್ನ ಹೇಳಿ ನಗ್ತಿದ್ದೆ. ಅವರು ನಗದೇನೇ ಹೇಳಿದ್ರು, "ನೀವೇ ಪುಣ್ಯವಂತರು ಸಾರ್, ನಿಮ್ಮ ಫೋಟೋ ಕೆಟ್ರೆ ಮುಂದಿನ ವಾರ ಮತ್ತೆ ಹೋಗ್ತೀರಿ. ನಾನು ತಾಳಿ ಕಟ್ಟೋದು ತಪ್ಪಿಸ್ಕೊಂಡ್ರೆ ಮತ್ತೆ ಕಟ್ಟಿ ಅನ್ನೋಕಾಗುತ್ತಾ?" ಅವತ್ತಿಂದ ಯಾರ ಫಂಕ್ಷನ್ನಿಗೂ ಒಪ್ಕೊಂಡಿಲ್ಲ. ಹವ್ಯಾಸಿ ಅನ್ನೋ ಪದಾನ ಎಷ್ಟೋ ಜನ ಅರೆಬರೆ ಕಲಿತವನು ಅನ್ನೋ ಅರ್ಥದಲ್ಲೇ ಬಳಸ್ತಾರೆ, ನಂಗೆ ಅದು ಸರಿ ಅನ್ಸಲ್ಲ. ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳ ಬ್ಲ್ಯಾಕ್ ಅಂಡ್ ವೈಟ್ ಫೋಟೋ ತೆಗೆದವರು, ಅವರಿಗೇನು ಅದರಿಂದ ಅನ್ನ ಹುಟ್ಟಬೇಕಿತ್ತಾ? ಮೂಡಿಗೆರೇಲಿ ಕೂತು ಹಕ್ಕಿ ಹಿಂದೆ ಬಿದ್ದಿದ್ದ ತೇಜಸ್ವಿಯವರಿಗೂ ಅಷ್ಟೇ. ಅದೂ ಫಿಲ್ಮ್ ಕಾಲ, ರೋಲಿಗೆ 36, ಸರಿ ಬಂತೋ ಇಲ್ವೋ ಅಂತ ತೊಳೆಸಿದ ಮೇಲೇನೇ ಗೊತ್ತಾಗೋದು. ನಾನು ಪಂಚೆ ಪರೀಕ್ಷೆಗೇ 36 ಮುಗಿಸಿದ್ದೆ.

ದೊಡ್ಡಮ್ಮನ ಫೋಟೋ ವಿಷಯ ಹೇಳ್ಲೇಬೇಕು. ಅಡಿಕೆ ಕೊಯ್ಲಿನ ಟೈಮಲ್ಲಿ ಊರಿಗೆ ಹೋಗಿದ್ದೆ, ರಾತ್ರಿ ಅಂಗಳದಲ್ಲಿ ಅಡಿಕೆ ಸುಲೀತಿದ್ರು, ಹಂಡೇಲಿ ಅಡಿಕೆ ಬೇಯ್ತಿತ್ತು, ಚೊಗರಿನ ವಾಸನೆ. ಬಲ್ಬು ಹಂಡೆ ಹಿಂದೆ ಇತ್ತು, ಅದರಿಂದ ಹಬೆ ಪೂರ್ತಿ ಬೆಳಗ್ತಿತ್ತು, ಹಬೆ ಮುಂದೆ ಮೆಟ್ಟುಗತ್ತಿ ಮೇಲೆ ದೊಡ್ಡಮ್ಮ. ಕೈ ಒಂದು ಸಲ ಒತ್ತಿ ತಿರುಗಿಸಿದ್ರೆ ಸಿಪ್ಪೆ ಆ ಕಡೆ, ಅಡಿಕೆ ಬುಟ್ಟಿಗೆ. ನಾನು ಕೈಯನ್ನೇ ತೆಗೆದೆ, ಚೊಗರು ಹತ್ತಿ ಕಪ್ಪಾದ ಹೆಬ್ಬೆರಳು, ಕತ್ತಿಯ ಅಂಚಲ್ಲಿ ಒಂದು ಗೆರೆ ಬೆಳಕು. ನನ್ನ ಲೆಕ್ಕದಲ್ಲಿ ಅದು ಭಾರೀ ಕಲಾತ್ಮಕ. ತೋರಿಸಿದ್ರೆ ದೊಡ್ಡಮ್ಮ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ನನ್ನ ಮುಖ ಎಲ್ಲಿಟ್ಯೋ? ಕೈ ಎಲ್ಲಾರಿಗೂ ಇರುತ್ತೆ" ಅಂದ್ರು. ಸರಿ ಅಂತ ಮುಖಾನೂ ತೆಗೆದೆ, ಹಬೆ ಹಿಂದೆ ಇಟ್ಟು, ಅವರು ಯಾರದ್ದೋ ಮಾತಿಗೆ ನಗ್ತಿದ್ದಾಗ.

ಪ್ರಿಂಟ್ ಹಾಕ್ಸಿದೆ, 8x12. ಕೈಗೆ ಬಂದಿದ್ದು ಕಗ್ಗತ್ತಲು! ತಪ್ಪು ಪ್ರಿಂಟರಿಂದಲ್ಲ, ನಂದೇ, ಮನೇಲಿ ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಫುಲ್ ಇಟ್ಕೊಂಡು ಎಡಿಟ್ ಮಾಡಿದ್ದೆ, ಕಾಗದಕ್ಕೆ ಹಿಂದಿನಿಂದ ಲೈಟ್ ಇರುತ್ತಾ? ಬ್ರೈಟ್‌ನೆಸ್ ಅರ್ಧಕ್ಕೂ ಕಮ್ಮಿ ಮಾಡ್ಕೊಂಡು ಮತ್ತೆ ಎಡಿಟ್ ಮಾಡಿ ಇನ್ನೊಂದು ಹಾಕ್ಸಿದೆ, ಸರಿ ಬಂತು. ಅದು ಈಗ ದೊಡ್ಡಮ್ಮನ ಮನೆ ನಡುಮನೇಲಿ ಕ್ಯಾಲೆಂಡರ್ ಪಕ್ಕ ಇದೆ. ಕತ್ತಲೆ ಬಂದಿದ್ದು ನನ್ನ ಹತ್ರಾನೇ ಇದೆ, ನಿಜ ಹೇಳ್ಬೇಕಂದ್ರೆ ಈಗೀಗ ಅದೇ ಜಾಸ್ತಿ ಇಷ್ಟ ಆಗ್ತಿದೆ.

ಇಷ್ಟು ವರ್ಷದಲ್ಲಿ ಬೆಳ್ಳಕ್ಕಿಗಳಲ್ಲೇ ಬೇರೆ ಬೇರೆ ಇವೆ ಅಂತಾನೂ ಕಣ್ಣಿಗೆ ಬಿತ್ತು. ಕೊಕ್ಕು ಕಪ್ಪಗಿದ್ದು ಪಾದ ಮಾತ್ರ ಹಳದಿ ಇದ್ರೆ ಅದು ಚಿಕ್ಕದು. ದೊಡ್ಡದಕ್ಕೆ ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತೆ, ಮಧ್ಯದ್ದಕ್ಕೆ ಕಣ್ಣಿನ ಕೆಳಗೇ ನಿಲ್ಲುತ್ತೆ. ಇದು ಗರಿ ಕಾಣೋ ಫೋಟೋ ಬಂದ ಮೇಲೇನೇ ಗೊತ್ತಾಗಿದ್ದು, ಬನೀನಿನಲ್ಲಿ ಬಾಯಿ ಗೆರೆ ಎಲ್ಲಿ ಹುಡುಕ್ತೀರಿ. ಮರಿ ಮಾಡೋ ಕಾಲದಲ್ಲಿ ಬೆನ್ನಿಂದ ಇಳಿಬೀಳೋ ಎಳೆ ಎಳೆ ಗರಿ ಇದ್ಯಲ್ಲ, ಹಿಂದೆ ಯೂರೋಪಿನ ಹೆಂಗಸರ ಟೋಪಿಗೆ ಸಿಕ್ಕಿಸೋಕೆ ಅಂತ ಅದಕ್ಕಾಗೇ ಈ ಹಕ್ಕಿಗಳನ್ನ ರಾಶಿ ರಾಶಿ ಕೊಂದಿದ್ರಂತೆ.

ಈ ಭಾನುವಾರ ಮಳೆ ಒಂದರ್ಧ ಗಂಟೆ ಬಿಡುವು ಕೊಡ್ತು. ಗಾಳಿ ಬೆನ್ನಿಗಿತ್ತು. 1/2000, ಮೈನಸ್ ಒಂದು, ಐಎಸ್‌ಓ 1600. ಒಂದು ದೊಡ್ಡ ಬೆಳ್ಳಕ್ಕಿ ಕಡ್ಡಿ ಕಚ್ಕೊಂಡು ನೇರ ನನ್ನ ಕಡೆಗೇ ಬಂದು ಗೂಡಿಗೆ ಇಳೀತು, ರೆಕ್ಕೆ ಎರಡೂ ಬಿಚ್ಚಿ, ಒಂದೊಂದು ಗರಿಯ ನೆರಳು ಪಕ್ಕದ ಗರಿ ಮೇಲೆ. ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ ನೋಡಿ ಒಬ್ಬನೇ ಜೋರಾಗಿ ಏನೋ ಕೂಗಿದೆ, ರೋಡಲ್ಲಿ ಹೋಗ್ತಿದ್ದ ಬೈಕಿನವನು ತಿರುಗಿ ನೋಡ್ದ.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದ್ರೆ ಕಣ್ಣಿಲ್ಲ! ಹಳದಿ ಕಣ್ಣಿರಬೇಕಾದ ಜಾಗದಲ್ಲಿ ಮಬ್ಬು ಬಿಳೀ ಪೊರೆ. ಹಕ್ಕಿಗಳಿಗೆ ಮೂರನೇ ಒಂದು ರೆಪ್ಪೆ ಇರುತ್ತಂತೆ, ಅಡ್ಡಕ್ಕೆ ಸರಿದು ಕಣ್ಣು ಒರೆಸಿ ವಾಪಸ್ ಹೋಗೋದು, ಸರಿಯಾಗಿ ಆ ಗಳಿಗೇಲೇ ನನ್ನ ಶಟರ್ ಬಿದ್ದಿದೆ. ಅದನ್ನ ಓದ್ತಾ ಓದ್ತಾ ರಾತ್ರಿ ಹನ್ನೆರಡೂವರೆ. ಹಿಂದಿನ ವರ್ಷದ ಫೋಟೋಗಳನ್ನೆಲ್ಲ ತೆಗೆದು ನೋಡ್ತಾ ಹೋದ್ರೆ ಫೋಕಸ್ ಸರಿ ಇಲ್ಲ ಅಂತ ನಾನು ಬದಿಗಿಟ್ಟಿದ್ದವುಗಳಲ್ಲಿ ಎಷ್ಟೋ ಇದೇ ಕೇಸು.

ಹೊಳೆ ನೀರು ಇನ್ನೂ ಇಳಿದಿಲ್ಲ ಅಂತ ಇವತ್ತು ಆಫೀಸಲ್ಲಿ ತೀರ್ಥಹಳ್ಳಿ ಕಡೆಯವರು ಹೇಳಿದ್ರು. ಬರೋ ಭಾನುವಾರದ್ದು ಮನೇಲಿ ಇನ್ನೂ ಹೇಳಿಲ್ಲ, ಜೆಲ್ ಮಾತ್ರ ಹುರಿದು ಇಟ್ಟಿದೀನಿ.