ಉಪ್ಪಿನಕಾಯಿ ಜಾಡಿಯಲ್ಲಿ ಟಿಶ್ಯೂ

ಚಿಕ್ಕಮಗಳೂರಿನಲ್ಲಿ ಜುಲೈ ಬಂತೆಂದರೆ ಕರ್ಚೀಫು ಒಣಗುವುದಿಲ್ಲ. ಬೆಳಿಗ್ಗೆ ಒಗೆದು ಹಾಕಿದ್ದು ರಾತ್ರಿಗೂ ಒದ್ದೆ. ಮರುದಿನಕ್ಕೆ ಮುಗ್ಗಲು ವಾಸನೆ ಬೇರೆ. ಮನೆಯಲ್ಲಿ ಒಬ್ಬರಿಗೆ ನೆಗಡಿ ಹಿಡಿದರೆ ಉಳಿದವರನ್ನೂ ಬಿಡುವುದಿಲ್ಲ. ಆಮೇಲೆ ಹಳೇ ಪಂಚೆ ಹರಿದು ತುಂಡು ಮಾಡುವುದೇ ಕೆಲಸ. ಹೀಗಾಗಿ ನಮ್ಮ ಮನೆಗೂ ಟಿಶ್ಯೂ ಡಬ್ಬ ಬಂತು.

ಬಂದ ಡಬ್ಬಕ್ಕೂ ಥಂಡಿ ಹಿಡಿಯಿತು. ರಟ್ಟು ಮೆತ್ತಗಾಗಿ ಮೂಲೆ ಕುಸಿಯಿತು. ಕಾಗದ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಟಿಶ್ಯೂವಿನಂಥ ತೆಳು ಹಾಳೆಯ ಮೇಲೆ ಅದು ಬೇಗ ಗೊತ್ತಾಗುತ್ತದೆ. ಎಳೆದರೆ ಅರ್ಧಕ್ಕೇ ಹರಿಯುತ್ತದೆ. ಹರಿಯದಿದ್ದರೆ ಡಬ್ಬವೇ ಜೊತೆಗೆ ಎದ್ದು ಬರುತ್ತದೆ. ಒಂದು ಕೈಯಲ್ಲಿ ಬಿಸಿ ಕಾಫಿ, ಮೂಗಿನಲ್ಲಿ ಸೀನು, ಇನ್ನೊಂದು ಕೈಯಲ್ಲಿ ಡಬ್ಬದ ಜೊತೆ ಜಗ್ಗಾಟ. ಎಷ್ಟು ಕಷ್ಟ ಅಲ್ವಾ!

ನನ್ನ ತವರುಮನೆ ಆಲ್ದೂರಿನ ಹತ್ತಿರದ ತೋಟ. ಅಲ್ಲಿ ಅಣ್ಣ, ಅತ್ತಿಗೆ ಸಣ್ಣದೊಂದು ಹೋಮ್‌ಸ್ಟೇ ನಡೆಸುತ್ತಾರೆ. ಅತ್ತಿಗೆಯದೂ ಇದೇ ದೂರು. ಮುಳ್ಳಯ್ಯನಗಿರಿ ನೋಡಲು ಬರುವ ಬೆಂಗಳೂರಿನವರು ಊಟಕ್ಕೆ ಕೂತ ತಕ್ಷಣ ಟಿಶ್ಯೂ ಕೇಳುತ್ತಾರೆ, ಕೊಟ್ಟರೆ ಹಪ್ಪಳ ಮೆತ್ತಗಾದ ಹಾಗೆ ಆಗಿರುತ್ತದೆ. ಒಂದು ದಿನ ಅವರು ಫೋನಿನಲ್ಲಿ ವಿಡಿಯೋ ತೋರಿಸಿದರು. ಯಾರೋ ಗಾಜಿನ ಜಾಡಿಯೊಳಗೆ ಟಿಶ್ಯೂ ಸುತ್ತಿ ಇಟ್ಟು, ಮುಚ್ಚಳದ ತೂತಿನಿಂದ ಒಂದೊಂದಾಗಿ ಎಳೆಯುತ್ತಿದ್ದರು. ಜಾಡಿಗೆ ಬಣ್ಣ, ಸೆಣಬಿನ ದಾರ, ಲೇಸು ಎಲ್ಲ ಇತ್ತು. ಅತ್ತಿಗೆಗೆ ಅದರ ಅಂದ ಹಿಡಿಸಿತು. ನನಗೆ ಹಿಡಿಸಿದ್ದು ಗಾಜು. ಗಾಜಿಗೆ ತೇವ ಹತ್ತುವುದಿಲ್ಲ, ತೂಕವೂ ಇದೆ, ಎಳೆದರೆ ಕೂತಲ್ಲೇ ಕೂತಿರುತ್ತದೆ.

ಆದರೆ ಜಾಡಿ ಎಲ್ಲಿ? ಮಲೆನಾಡಿನ ಅಡುಗೆಮನೆಯಲ್ಲಿ ಗಾಜಿನ ಜಾಡಿ ಕೇಳುವುದು ಸಣ್ಣ ವಿಷಯವಲ್ಲ. ಒಂದರಲ್ಲಿ ಮಿಡಿ, ಒಂದರಲ್ಲಿ ಜೇನು, ಒಂದರಲ್ಲಿ ಹೋದ ವರ್ಷದ ನಿಂಬೆಹಣ್ಣು. ಖಾಲಿ ಕಂಡದ್ದಕ್ಕೂ ಅಮ್ಮನ ಲೆಕ್ಕದಲ್ಲಿ ಏನೋ ಒಂದು ಬರಬೇಕಿರುತ್ತದೆ. ಕೊನೆಗೆ ಅಂಗಡಿಯಿಂದ ತಂದಿದ್ದ ಅಗಲ ಬಾಯಿಯ ಉಪ್ಪಿನಕಾಯಿ ಜಾಡಿಯೊಂದನ್ನು, ತಳದಲ್ಲಿದ್ದ ರಸವನ್ನು ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು.

ತೊಳೆಯುವುದೇ ಅರ್ಧ ಕೆಲಸ. ಚಳಿಯಲ್ಲಿ ತಣ್ಣಗಿದ್ದ ಜಾಡಿಗೆ ಒಮ್ಮೆಲೇ ಕುದಿವ ನೀರು ಹೊಯ್ಯಬಾರದು. ಗಾಜಿನಲ್ಲಿ ಬಿಸಿ ನಿಧಾನಕ್ಕೆ ಹರಿಯುತ್ತದೆ. ಒಳಮೈ ಹಿಗ್ಗುವಷ್ಟರಲ್ಲಿ ಹೊರಮೈ ಇನ್ನೂ ತಣ್ಣಗಿರುತ್ತದೆ, ಟಪ್ ಎಂದು ಸೀಳುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟರೆ ಲೇಬಲ್ಲಿನ ಕಾಗದ ತಾನಾಗಿ ಬಿಡುತ್ತದೆ. ಗೋಂದು ಮಾತ್ರ ಹಟಮಾರಿ. ತೆಂಗಿನೆಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದೆ. ಆಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೆದು, ಮೆಡಿಕಲ್ ಶಾಪಿನ ಸ್ಪಿರಿಟ್ಟಿನಿಂದ ಒರೆಸಿದೆ. ಎಣ್ಣೆಯ ಪಸೆ ಉಳಿದರೆ ಗಾಜಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ಗಾಜಿನ ವಾಸನೆ ಹೋಯಿತು, ಮುಚ್ಚಳದ್ದು ಹೋಗಲಿಲ್ಲ. ಆ ಥರದ ತಗಡಿನ ಮುಚ್ಚಳದ ಒಳಗೆ ಅಂಚಿನ ಸುತ್ತ ಮೆತ್ತನೆಯ ಪದರ ಇರುತ್ತದೆ, ಗಾಳಿಯಾಡದ ಹಾಗೆ ಹಿಡಿಯಲು. ಇಂಗು, ಸಾಸಿವೆ, ಮೆಣಸಿನಕಾಯಿ ಎಲ್ಲ ಅದರೊಳಗೆ ಮನೆ ಮಾಡಿಕೊಂಡಿರುತ್ತವೆ. ಬಿಸಿಲಿಗಿಡು ಎನ್ನುತ್ತಾರೆ ತಿಳಿದವರು. ಜುಲೈ ತಿಂಗಳಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ನಮ್ಮೂರಲ್ಲಿ ಸಿಗುವುದು ಕಾಫಿ ಪುಡಿ. ಚಿಕೋರಿ ಬೆರೆಸದ ಪುಡಿಯನ್ನು ಜಾಡಿಗೆ ಹಾಕಿ, ಮುಚ್ಚಳ ಬಿಗಿದು, ತಲೆಕೆಳಗಾಗಿ ಇಟ್ಟೆ. ಕೆಲವು ದಿನ ಬಿಟ್ಟು ತೆಗೆದಾಗ ಇಂಗು ಸೋತಿತ್ತು. ಕಾಫಿ ಹೆಸರಿನಲ್ಲಿ ಎಷ್ಟೊಂದು ಹೊಗಳಿಕೆ ಕೇಳುತ್ತೇವೆ, ಈ ಉಪಕಾರವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇನ್ನು ತೂತು. ವಿಡಿಯೋದಲ್ಲಿ ಇದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಮೆರಿಕದವರ ಮೇಸನ್ ಜಾಡಿಯ ಮುಚ್ಚಳ ಎರಡು ತುಂಡು, ಒಂದು ತಟ್ಟೆ, ಒಂದು ಬಳೆ. ತಟ್ಟೆ ತೆಗೆದರೆ ತೂತು ತಯಾರು. ತಿರುಪು ಬಾಯಿಯ ಆ ಜಾಡಿಗೆ ಜಾನ್ ಲ್ಯಾಂಡಿಸ್ ಮೇಸನ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದಿದ್ದ. ನಮ್ಮ ಉಪ್ಪಿನಕಾಯಿ ಮುಚ್ಚಳ ಒಂದೇ ತುಂಡು, ಕತ್ತರಿಸಲೇಬೇಕು. ಕತ್ತರಿಸಿದ ತಗಡಿನ ಅಂಚು ಬ್ಲೇಡಿನಂತೆ ಇರುತ್ತದೆ. ಟಿಶ್ಯೂ ಹರಿಯುವುದು ಆಮೇಲಿನ ಮಾತು, ಊಟದ ಮೇಜಿನ ಮೇಲೆ ಮಕ್ಕಳ ಬೆರಳು ಮೊದಲು.

ಅದಕ್ಕೇ ಪೇಟೆಗೆ ಬಂದಾಗ ತಗಡಿನ ಕೆಲಸ ಮಾಡುವ ಒಬ್ಬರ ಹತ್ತಿರ ಹೋದೆ. ಆಲಿಕೆ, ಡಬ್ಬ, ಎಣ್ಣೆ ಅಳತೆ ಪಾವು ಮಾಡುವವರು. ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಡಬ್ಬದ ತೂತು ಮುಚ್ಚಿಸೋಕೆ ಜನ ಬರ್ತಾರೆ. ಚೆನ್ನಾಗಿರೋ ಮುಚ್ಚಳಕ್ಕೆ ತೂತು ಹಾಕಿಸೋಕೆ ಬಂದೋರು ನೀವೇ ನೋಡಿ."

ಮೂಗು ಒರೆಸೋ ಕಾಗದಕ್ಕೆ ಎಂದೆ. ಅವರ ಮುಖದಲ್ಲಿ ನಗು ಬಂತು, ಆದರೆ ಕೈ ಆಗಲೇ ಕೆಲಸಕ್ಕೆ ಇಳಿದಿತ್ತು. ನಾನು ತಂದಿದ್ದ ಮಗುವಿನ ಬಳೆಯನ್ನು ಮಧ್ಯಕ್ಕಿಟ್ಟು ಮೊಳೆಯಿಂದ ಗೀಚಿದರು. ಆ ಗೆರೆಯ ಮೇಲೆ ಕತ್ತರಿಸಲಿಲ್ಲ. ಅದಕ್ಕಿಂತ ಒಳಗೆ ಇನ್ನೊಂದು ಸಣ್ಣ ಸುತ್ತು ಎಳೆದು, ಉಳಿಯಿಂದ ಬಾಯಿ ಬಿಡಿಸಿ, ತಗಡು ಕತ್ತರಿಯಿಂದ ಆ ಸುತ್ತಿನಲ್ಲಿ ಕತ್ತರಿಸಿದರು. ಎರಡು ಗೆರೆಗಳ ಮಧ್ಯೆ ಉಳಿದ ಪಟ್ಟಿಗೆ ಅಲ್ಲಲ್ಲಿ ಸಣ್ಣ ಕಚ್ಚು ಕೊಟ್ಟು, ಸಣ್ಣ ಸುತ್ತಿಗೆಯಿಂದ ಒಳಗಡೆಗೆ ಮಡಚಿ ತಟ್ಟುತ್ತಾ ಬಂದರು. ಕೊನೆಗೆ ಕಾನಸು ಆಡಿಸಿ, ಬೆರಳನ್ನು ತೂತಿನ ಸುತ್ತ ಓಡಿಸಿ ತೋರಿಸಿದರು. ಎಲ್ಲೂ ಚುಚ್ಚಲಿಲ್ಲ. ಬಕೆಟ್ಟಿನ ಅಂಚನ್ನೂ ಹೀಗೇ ಮಡಚೋದು ಎಂದರು. ಆ ಮಡಿಕೆ ಮುಟ್ಟಿ ನೋಡಿದ ಮೇಲೆ, ಇಡೀ ಜಾಡಿಯಲ್ಲಿ ನಿಜವಾದ ಕೈಕೆಲಸ ಅಂದರೆ ಅದೊಂದೇ ಅನ್ನಿಸಿತು. ನಾನು ಮಾಡಿದ್ದೆಲ್ಲ ಅಲಂಕಾರ. ತೂತಿನ ಒಳಗಡೆ ದಪ್ಪ ಫೆಲ್ಟ್ ಬಟ್ಟೆಯ ಬಿಲ್ಲೆ ಅಂಟಿಸಿ, ಮಧ್ಯೆ ನಕ್ಷತ್ರದ ಹಾಗೆ ಸೀಳು ಕೊಟ್ಟೆ. ಮೇಲೆ ಬಂದ ಹಾಳೆ ಜಾರಿ ಒಳಗೆ ಬೀಳದಂತೆ ಆ ಸೀಳಿನ ಎಸಳುಗಳು ಹಿಡಿದುಕೊಳ್ಳುತ್ತವೆ.

ಅಲಂಕಾರದ ವಿಷಯದಲ್ಲಿ ಅತ್ತಿಗೆಗೂ ನನಗೂ ಸಣ್ಣ ಜಟಾಪಟಿ ಆಯಿತು. ಅವರಿಗೆ ಸೆಣಬಿನ ದಾರವೇ ಬೇಕು. ಸೆಣಬು ನೋಡಲು ಚೆಂದ, ನಿಜ. ಆದರೆ ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ದೇವರ ಮನೆಯ ಮಣೆಗೂ ಬೂಸ್ಟು. ಸೆಣಬು ಸುತ್ತಿದ ಜಾಡಿ ಆಗಸ್ಟ್ ಹೊತ್ತಿಗೆ ಹಸಿರು ಹಿಡಿಯುತ್ತದೆ. ಲೇಸಿನದೂ ಅದೇ ಕಥೆ. ಬರೀ ಬಣ್ಣ ಸಾಕು ಎಂದು ನಾನು ಹಟ ಹಿಡಿದೆ. ನೀರಿನಲ್ಲಿ ಕಲಸುವ ಬಣ್ಣ ನುಣುಪು ಗಾಜಿನ ಮೇಲೆ ಉಗುರು ತಾಗಿದರೂ ಸುಲಿದು ಬರುತ್ತದೆ. ಕಿಟಕಿ ಸರಳಿಗೆ ಹೊಡೆದು ಉಳಿದಿದ್ದ ಎಣ್ಣೆ ಪೇಂಟು ಇತ್ತು, ಬಿಳಿ ಮತ್ತು ಹಸಿರು. ಆ ಎರಡು ಬಣ್ಣದಲ್ಲಿ ಏನು ಬರೆಯಬಹುದು? ಕಾಫಿ ಹೂವು.

ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದು ಹತ್ತು ದಿನದ ಆಸುಪಾಸಿನಲ್ಲಿ ಇಡೀ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಮುಗಿದೂ ಹೋಗುತ್ತದೆ. ಆ ಪರಿಮಳ ಬರೆಯಲು ಬರುವುದಿಲ್ಲ, ಗೊಂಚಲು ಬರೆಯಬಹುದು. ಜಾಡಿಯ ಸುತ್ತ ಒಂದು ರೆಂಬೆ ಎಳೆದು, ಎಲೆ ಬರೆದು, ಎಲೆಯ ಬುಡದಲ್ಲಿ ಐದೈದು ಎಸಳಿನ ಹೂವು ತುಂಬಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದರು.

"ಎಲೆ ಎದುರುಬದುರು ಇರ್ಬೇಕು, ಜೋಡಿ ಜೋಡಿ. ತೋಟದಲ್ಲಿ ಹುಟ್ಟಿದವಳು ನೀನು."

ಇದ್ದವು. ಜಾಡಿ ತಿರುಗಿಸಿ ತೋರಿಸಿದ ಮೇಲೆ ಸುಮ್ಮನಾದರು. ಅಣ್ಣ ಮಾತ್ರ ದೂರದಿಂದಲೇ ಕಾಫಿಯ ಜಾತಿ ಕೇಳಿದ, "ಅರೇಬಿಕಾನೋ ರೋಬಸ್ಟಾನೋ?" ಎಲೆ ದೊಡ್ಡದಾಯಿತಂತೆ, ಇದು ರೋಬಸ್ಟಾ ಅಂತೆ. ನಮ್ಮ ತೋಟದ ತುಂಬ ಅರೇಬಿಕಾ. ಟಿಶ್ಯೂ ಎಳೆಯುವವರಿಗೆ ಇದೆಲ್ಲ ಗೊತ್ತಾಗುತ್ತದೆಯೇ ಎಂದರೆ, ಗೊತ್ತಿರುವವರೂ ಬರ್ತಾರೆ ಎಂದ. ನಾನು ತಿದ್ದಲಿಲ್ಲ.

ತಣ್ಣನೆಯ ಥಂಡಿಯಲ್ಲಿ ಎಣ್ಣೆ ಪೇಂಟು ಒಣಗಲು ಸೋಮಾರಿ. ಬಚ್ಚಲುಮನೆಯಲ್ಲಿ ಒಲೆ ಇಡೀ ದಿನ ಬೆಚ್ಚಗಿರುತ್ತದೆ, ಬಟ್ಟೆಯೆಲ್ಲ ಅಲ್ಲೇ ಒಣಗುವುದು. ಬೆಂಕಿಯಿಂದ ದೂರ, ಮೇಲಿನ ಹಲಗೆಯ ಮೇಲೆ ಜಾಡಿಯನ್ನು ಇಟ್ಟೆವು. ಸ್ನಾನಕ್ಕೆ ಹೋದವರೆಲ್ಲ ಒಣಗಿದೆಯೇ ಎಂದು ಮುಟ್ಟಿ ನೋಡಿದ್ದರಿಂದ ಒಂದು ಹೂವಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಉಳಿದಿದೆ. ಅಣ್ಣನದೇ ಎಂದು ನನ್ನ ಅನುಮಾನ.

ತುಂಬುವಾಗ ಒಂದು ಗುಟ್ಟಿದೆ. ಊಟದ ಪೇಪರ್ ನ್ಯಾಪ್ಕಿನ್ ಇದಕ್ಕೆ ಆಗುವುದಿಲ್ಲ, ಅವು ಬಿಡಿಬಿಡಿ. ಮುಖ ಒರೆಸುವ ಡಬ್ಬದ ಟಿಶ್ಯೂವೇ ಬೇಕು. ಅದರಲ್ಲಿ ಒಂದು ಹಾಳೆಯ ಅರ್ಧ ಮುಂದಿನದರ ಮಡಿಕೆಯೊಳಗೆ ಸೇರಿರುತ್ತದೆ, ಹಾಗಾಗಿ ಒಂದನ್ನು ಎಳೆದರೆ ಇನ್ನೊಂದು ತಲೆ ಎತ್ತುತ್ತದೆ. ಡಬ್ಬ ಹರಿದು, ಅರ್ಧ ಕಟ್ಟನ್ನು ತೆಗೆದು, ಮೊದಲ ಹಾಳೆ ಒಳಗೆ ಬರುವಂತೆ ಸಡಿಲವಾಗಿ ಸುರುಳಿ ಸುತ್ತಿ ನಿಲ್ಲಿಸಬೇಕು. ನಡುವಿನಿಂದ ಎಳೆದು ತೂತಿಗೆ ಪೋಣಿಸಿದರೆ ಮುಗಿಯಿತು. ಆಸೆಪಟ್ಟು ಇಡೀ ಕಟ್ಟು ತುರುಕಿದರೆ ಒಂದೂ ಹೊರಗೆ ಬರುವುದಿಲ್ಲ.

ಕೆಲಸ ಮಾಡುತ್ತದೆಯೇ? ಒಳಗಿನದು ಗರಿಗರಿಯಾಗೇ ಇರುತ್ತದೆ. ತೂತಿನಿಂದ ಹೊರಗೆ ಇಣುಕುವ ಹಾಳೆ ಮಾತ್ರ ಬೆಳಗಾಗುವಷ್ಟರಲ್ಲಿ ಸೋತಿರುತ್ತದೆ. ಅದಕ್ಕೆ ಅತ್ತಿಗೆ ರಾತ್ರಿ ಮುಚ್ಚಳದ ಮೇಲೆ ಸ್ಟೀಲ್ ಲೋಟ ಕವುಚಿ ಇಡುತ್ತಾರೆ. ಅತಿಥಿಗಳು ಜಾಡಿಯ ಫೋಟೋ ತೆಗೆದುಕೊಳ್ಳುತ್ತಾರಂತೆ, ಎಲ್ಲಿ ಸಿಗುತ್ತದೆ ಎಂದೂ ಕೇಳುತ್ತಾರಂತೆ. ಈಗ ಪ್ರತಿ ಕೋಣೆಗೂ ಒಂದೊಂದು ಬೇಕು ಎಂದು ಹೊಸ ಬೇಡಿಕೆ. ಜಾಡಿ ಕೊಡಲು ಅಮ್ಮ ಒಪ್ಪಿಲ್ಲ, ಖಾಲಿಯಾದರೆ ನೋಡೋಣ ಎಂದಿದ್ದಾರೆ. ಆ ಮಾತು ಕೇಳಿದಾಗಿನಿಂದ ಅತ್ತಿಗೆ ಹೋಮ್‌ಸ್ಟೇ ಊಟಕ್ಕೆ ಕೇಳದೆಯೇ ಎರಡೆರಡು ಸಲ ಉಪ್ಪಿನಕಾಯಿ ಬಡಿಸುತ್ತಿದ್ದಾರೆ.