ಅಪ್ಪನ ಓಲ್ಡಮ್

ನನ್ನ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ, ನೂಲು ತೆಗೆಯುವ ರಿಂಗ್ ಫ್ರೇಮ್ ಯಂತ್ರಗಳ ಖಾತೆಯಲ್ಲಿ, ಇಪ್ಪತ್ತೆಂಟು ವರ್ಷ ದುಡಿದರು. ಸಾಲುಗಟ್ಟಿ ತಿರುಗುವ ಕದಿರುಗಳ ಮುಂದೆ ಓಡಾಡುತ್ತ, ಎಲ್ಲಿ ಎಳೆ ಹರಿಯಿತೋ ಅಲ್ಲಿ ನಿಂತು ಬೆರಳತುದಿಯಲ್ಲಿ ಅದನ್ನು ಜೋಡಿಸಿ ಮುಂದೆ ಹೋಗುವುದು ಅವರ ಕೆಲಸ. ಯಂತ್ರದ ತುದಿಯ ಎರಕದ ತಟ್ಟೆಯ ಮೇಲೆ ಉಬ್ಬಕ್ಷರಗಳಲ್ಲಿ ‘ಪ್ಲಾಟ್ ಬ್ರದರ್ಸ್, ಓಲ್ಡಮ್’ ಎಂದಿತ್ತು. ಆದರೆ ಖಾತೆಯವರ ಬಾಯಲ್ಲಿ ಓಲ್ಡಮ್ ಒಂದು ಊರಾಗಿರಲಿಲ್ಲ, ಮಷಿನ್ನಿನ ಹೆಸರಾಗಿತ್ತು. “ಇವತ್ತು ಮೂರನೇ ಓಲ್ಡಮ್ ಬಾಳ ಕಾಡಿತು” ಎಂದು ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ತಲೆಯ ಮೇಲಿನ ಹತ್ತಿಯ ನವಿರು ಕೊಡವುತ್ತ ಹೇಳುತ್ತಿದ್ದುದು ನನಗಿನ್ನೂ ನೆನಪಿದೆ.

ಕಚೇರಿಯ ಕೆಲಸಕ್ಕೆಂದು ಆರು ವಾರ ಮ್ಯಾಂಚೆಸ್ಟರಿನಲ್ಲಿರಬೇಕಾಗಿ ಬಂದಾಗ, ಓಲ್ಡಮ್ಮಿಗೆ ಅಲ್ಲಿಂದ ಟ್ರಾಮ್ ಇದೆಯೆಂದು ತಿಳಿದು, ಒಂದು ಭಾನುವಾರ ಛತ್ರಿ ಹಿಡಿದು ಹೊರಟೆ. ಪೆನೈನ್ ಬೆಟ್ಟಗಳ ಮಗ್ಗುಲಿಗೆ ಏರಿ ಕುಳಿತ ಊರು ಅದು. 1911ರ ಹೊತ್ತಿಗೆ ಅಲ್ಲಿ 1 ಕೋಟಿ 64 ಲಕ್ಷ ಕದಿರುಗಳಿದ್ದವು. ಜಗತ್ತಿನ ಕದಿರುಗಳಲ್ಲಿ ಹೆಚ್ಚುಕಡಿಮೆ ಒಂಬತ್ತರಲ್ಲೊಂದು ಪಾಲು ಈ ಒಂದೇ ಊರಿನದು. ಈಗ ಒಂದೂ ತಿರುಗುವುದಿಲ್ಲ. ಉಳಿದ ಗಿರಣಿಗಳೆಂದರೆ ಗೋದಾಮು, ಇಲ್ಲವೇ ಸಣ್ಣಪುಟ್ಟ ಅಂಗಡಿಗಳ ಗೂಡು. ಆದರೂ ಆ ಕೆಂಪು ಇಟ್ಟಿಗೆಯ ನಾಲ್ಕೈದು ಅಂತಸ್ತಿನ ಕಟ್ಟಡಗಳ ಮುಂದೆ ನಿಂತರೆ ಕತ್ತು ತಾನಾಗಿ ಮೇಲೇಳುತ್ತದೆ. ಮೂಲೆಯಲ್ಲೊಂದು ಗೋಪುರ, ಅದರ ನೆತ್ತಿಯಲ್ಲಿ ಬೆಂಕಿ ಆರಿಸುವ ನೀರಿನ ತೊಟ್ಟಿ, ತೊಟ್ಟಿಯ ಕೆಳಗೆ ಬಿಳಿ ಇಟ್ಟಿಗೆಯಲ್ಲಿ ಗಿರಣಿಯ ಹೆಸರು. ಬೀ, ಎಲ್ಕ್, ನೈಲ್ ಎಂದು ಜೇನ್ನೊಣ, ಕಡವೆ, ನದಿಗಳ ಹೆಸರನ್ನೆಲ್ಲ ಇಲ್ಲಿನವರು ಗಿರಣಿಗೆ ಇಟ್ಟಿದ್ದರು. ನಮ್ಮಲ್ಲಿ ಗಿರಣಿಗೆ ದೇವರ ಹೆಸರೋ ಮಾಲೀಕರ ಹೆಸರೋ ಇರುತ್ತದೆ.

ಟ್ರಾಮಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕಿಟಕಿಯಾಚೆಯ ಕೊಳವೊಂದನ್ನು ತೋರಿಸಿ ಅದು ಗಿರಣಿಯ ‘ಲಾಡ್ಜ್’ ಎಂದಾಗ ನಾನು ಸುತ್ತಮುತ್ತ ಹೋಟೆಲ್ಲು ಹುಡುಕಿದೆ. ಗಿರಣಿಯ ಇಂಜಿನ್ ಓಡಿಸಿದ ಉಗಿಯನ್ನು ತಣಿಸಿ ಮತ್ತೆ ನೀರಾಗಿಸಲು ಬೇಕಾದ ತಣ್ಣೀರನ್ನು ಕೂಡಿಡುತ್ತಿದ್ದ ಕೊಳಕ್ಕೆ ಅಲ್ಲಿ ಆ ಹೆಸರಂತೆ.

ಅವರ ಮಾತು ಕೇಳಿಯೇ ನಾನು ನ್ಯೂಹೇ ನಿಲ್ದಾಣದಲ್ಲಿ ಇಳಿದು ಎಲೆನ್‌ರೋಡ್ ಇಂಜಿನ್ ಮನೆಗೆ ನಡೆದೆ. ಆ ದಿನ ಅಲ್ಲಿ ಗಿರಣಿಯ ಹಳೆಯ ಇಂಜಿನ್ನಿಗೆ ಉಗಿ ಹಾಕಿ ಓಡಿಸುವವರಿದ್ದರು. ಎಲೆನ್‌ರೋಡ್ ಗಿರಣಿ 1916ರಲ್ಲಿ ಸುಟ್ಟುಹೋಯಿತು. ಎಣ್ಣೆ ಕುಡಿದ ಮರದ ನೆಲ, ಗಾಳಿಯಲ್ಲೆಲ್ಲ ಹತ್ತಿಯ ನವಿರು, ಕಿಡಿಯೊಂದು ಸಾಕು. ಮತ್ತೆ ಕಟ್ಟಿದಾಗ ನೂಲು ತೆಗೆಯುವ ಹಳೆಯ ಮ್ಯೂಲ್ ಯಂತ್ರಗಳ ಬದಲು ರಿಂಗ್ ಫ್ರೇಮ್‌ಗಳನ್ನು, ಅಂದರೆ ಅಪ್ಪನ ಜಾತಿಯ ಯಂತ್ರಗಳನ್ನು, ಹಾಕಿದರು. ಆ ಕಟ್ಟಡವೂ ಈಗಿಲ್ಲ. ಉಳಿದಿರುವುದು 220 ಅಡಿಯ ಚಿಮಣಿ, ಬಾಯ್ಲರ್ ಮನೆ ಮತ್ತು ವಿಕ್ಟೋರಿಯಾ, ಅಲೆಕ್ಸಾಂಡ್ರಾ ಎಂದು ರಾಣಿಯರ ಹೆಸರು ಹೊತ್ತ ಜೋಡಿ ಇಂಜಿನ್.

ಎಣ್ಣೆಬಟ್ಟೆ ಹಿಡಿದ ಸ್ವಯಂಸೇವಕರೊಬ್ಬರು ಕವಾಟವನ್ನು ಮೆಲ್ಲಗೆ ತಿರುಗಿಸಿದರು. ಮೊದಲು ಏನೂ ಆಗಲಿಲ್ಲ. ಅನಂತರ 28 ಅಡಿ ವ್ಯಾಸದ, 80 ಟನ್ ತೂಕದ ಆ ಗಾಲಿ, ತೇರಿನ ಗಾಲಿ ಹೊರಳುವ ಮುನ್ನ ಒಂದು ಕ್ಷಣ ಅಳುಕುವ ಹಾಗೆ ಅಳುಕಿ, ಹೊರಳಿತು. ಸದ್ದೇ ಇಲ್ಲ! ಗಿರಣಿಯೆಂದರೆ ಕಿವಿ ತೂತಾಗುವ ಗದ್ದಲ ಎಂದು ಬೆಳೆದ ನನಗೆ ಆ 3000 ಅಶ್ವಶಕ್ತಿಯ ಯಂತ್ರದ ನಿಡುಸುಯ್ಲು ನಂಬಲಾಗಲಿಲ್ಲ. ಗಾಲಿಯ ಅಂಚಿನಲ್ಲಿ 44 ಹಗ್ಗಗಳಿಗೆ ಕೊರೆದ ತೋಡುಗಳಿದ್ದವು; ಒಂದೊಂದು ಅಂತಸ್ತಿಗೂ ಶಕ್ತಿಯನ್ನು ಹೊತ್ತೊಯ್ಯುತ್ತಿದ್ದುದು ಆ ಹಗ್ಗಗಳೇ. ಬಿಸಿ ಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ಮಾತ್ರ ಅಪ್ಪನ ಅಂಗಿ ಥಟ್ಟನೆ ನೆನಪಾಯಿತು.

ಅಲ್ಲಿಂದಲೇ ವಿಡಿಯೊ ಕರೆ ಮಾಡಿದೆ. ಎಂಬತ್ತೆರಡರ ಅಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅವರ ಗಿರಣಿ ನಡೆದದ್ದು ಕರೆಂಟಿನಿಂದ. ಇಂಜಿನ್ನು ಅವರ ಗಮನವನ್ನು ಅಷ್ಟಾಗಿ ಹಿಡಿಯಲಿಲ್ಲ. ಓಲ್ಡಮ್ ಎಂಬುದು ಇಲ್ಲೇ ಹತ್ತಿರದ ಒಂದು ಊರು, ಮಷಿನ್ನು ಅಲ್ಲಿಂದ ಹಡಗಿನಲ್ಲಿ ಬರುತ್ತಿತ್ತು ಎಂದೆ. “ಊರಾ?” ಎಂದರು. ಸ್ವಲ್ಪ ತಡೆದು, “ಅಲ್ಲಿ ಹವಾ ಹೆಂಗೈತಿ?” ಎಂದು ಕೇಳಿದರು.

ಬೇಸಗೆಯಲ್ಲಿ ದಾವಣಗೆರೆಯ ಒಣಹವೆಗೆ ನೂಲು ಹರಿಯುತ್ತದೆಂದು ಖಾತೆಯೊಳಗೆ ನೀರಿನ ಹನಿ ಚಿಮುಕಿಸುತ್ತಿದ್ದರು. ಅಂಗಿ ಒದ್ದೆಯಾಗಿ ಮೈಗಂಟಿಕೊಂಡರೂ ಎಳೆ ಹರಿಯುವುದು ಮಾತ್ರ ನಿಲ್ಲುತ್ತಿರಲಿಲ್ಲ ಎಂದು ಅವರು ಎಷ್ಟೋ ಸಲ ಹೇಳಿದ್ದುಂಟು. ಮೂರು ದಿನದಿಂದ ಬಿಟ್ಟೂಬಿಡದೆ ಜಿಟಿಜಿಟಿ ಮಳೆ, ಹಾಕಿದ ಬಟ್ಟೆ ಒಣಗುವುದಿಲ್ಲ ಎಂದೆ.

“ಹಂಗಾರೆ ಎಳಿ ಹರಿಯಂಗಿಲ್ಲ ಬಿಡು” ಎಂದರು ಅಪ್ಪ.