ರ‍್ಯಾಮಿನಲ್ಲಿ ಮಲಗಿದ್ದ ಭಾನುವಾರದ ಕಸ

ತಿಪಟೂರಿನಲ್ಲಿ ದೊಡ್ಡಪ್ಪನ ಕೊಬ್ಬರಿ ಮಂಡಿ ಇದೆ. ಅಲ್ಲಿ ಬಿಲ್ ಹಾಕುವ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಬರೆದುಕೊಟ್ಟವನು ಈಗ ಫೋನ್ ಎತ್ತುವುದಿಲ್ಲ, ಕಂಪ್ಯೂಟರ್ ಅಂತೂ ಇವತ್ತೋ ನಾಳೆಯೋ ಅನ್ನುತ್ತಿದೆ. "ನೀನು ಕಂಪ್ಯೂಟರ್ ಓದಿದೋನಲ್ವೇನೋ, ಏನಾದ್ರೂ ಮಾಡು" ಅಂದರು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ಕ್ಯೂಎಮು ಹಾಕಿ ಅದರೊಳಗೆ ಎಕ್ಸ್‌ಪಿ ಓಡಿಸಿದರೆ ಮುಗೀತು, ಅರ್ಧ ಗಂಟೆ ಕೆಲಸ ಅಂತ ಒಪ್ಪಿಕೊಂಡೆ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಜೆಂಟೂ ಅನ್ನುವ ಲಿನಕ್ಸ್. ಇದರಲ್ಲಿ ಸೋರ್ಸ್ ಕೋಡ್ ಇಳಿಸಿ ನಾವೇ ಕಂಪೈಲ್ ಮಾಡಿಕೊಳ್ಳಬೇಕು, ಅಂದರೆ ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತಂದುಕೊಳ್ಳಬೇಕು. 2023ರ ಕೊನೆಯಿಂದ ಜೆಂಟೂದವರೂ ರೆಡಿಮೇಡ್ ಪ್ಯಾಕೇಜ್ ಕೊಡುತ್ತಿದ್ದಾರೆ, ಆದರೂ ನನಗೊಂದು ಹಠ.

ಕ್ಯೂಎಮು ಕಂಪೈಲ್ ಮಾಡಲು ಎಮರ್ಜ್ ಅನ್ನುವ ಕಮಾಂಡ್ ಕೊಟ್ಟು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದೆ. ವಾಪಸ್ ಬಂದರೆ ಸ್ಕ್ರೀನ್ ತುಂಬ ಕೆಂಪು. ಕೊನೆಯ ಸಾಲಿನಲ್ಲಿ, ಕಂಪೈಲ್ ಕೆಲಸಗಳನ್ನು ಓಡಿಸುವ ನಿಂಜಾ ಹೇಳಿದ್ದು ಇಷ್ಟೇ: ಬಿಲ್ಡ್ ನಿಂತಿದೆ. ಅದು ನನಗೂ ಕಾಣುತ್ತಿತ್ತು! ಎಂಟು ಕೆಲಸ (ಜಾಬ್) ಒಟ್ಟಿಗೆ ಓಡುವಾಗ ಒಂದು ಬಿದ್ದರೂ ಉಳಿದವು ಹಿಡಿದ ಕೆಲಸ ಮುಗಿಸಿಯೇ ನಿಲ್ಲುವುದು, ಹಾಗಾಗಿ ನಿಜವಾದ ತಪ್ಪು ಎಲ್ಲೋ ಮೇಲೆ ಹೂತುಹೋಗಿರುತ್ತದೆ. ಬಿಲ್ಡ್ ಲಾಗ್ ತೆಗೆದು 'ಫೇಲ್ಡ್' ಅಂತ ಹುಡುಕಿದೆ. ಸಿಕ್ಕಿದ್ದು ಕೋಡಿನ ತಪ್ಪಲ್ಲ, 'ಕಿಲ್ಡ್' ಅನ್ನುವ ಒಂದು ಪದ. ಅಂದರೆ ಕಂಪೈಲರ್ ತಾನಾಗಿ ಸೋತಿಲ್ಲ, ಯಾರೋ ಕುತ್ತಿಗೆ ಹಿಸುಕಿದ್ದಾರೆ. ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ಡಿಮೆಸೇಜ್ ನೋಡಿದರೆ ಕರ್ನಲ್ಲೇ ಒಪ್ಪಿಕೊಂಡಿತ್ತು: ಔಟ್ ಆಫ್ ಮೆಮೊರಿ.

ಇರುವುದು 8 ಜಿಬಿ ರ‍್ಯಾಮ್. ಒಂದು ಜಾಬ್‌ಗೆ 2 ಜಿಬಿ ಇಟ್ಟುಕೊಳ್ಳಿ ಅಂತ ಜೆಂಟೂ ಕೈಪಿಡಿ ಹೇಳುತ್ತದೆ, ನಾನು ಎಂಟು ಜಾಬ್ ಕೊಟ್ಟಿದ್ದೆ. ನಾಲ್ಕಕ್ಕೆ ಇಳಿಸಿದೆ. ಬಿತ್ತು. ಎರಡಕ್ಕೆ ಇಳಿಸಿದೆ, ಸ್ವಲ್ಪ ದೂರ ಹೋಗಿ ಬಿತ್ತು. ಆಮೇಲೆ ಹೊಳೆಯಿತು, ಆರ್ಮ್, ರಿಸ್ಕ್-ಫೈವ್, ಸ್ಪಾರ್ಕ್ ಅಂತ ಬೇರೆ ಬೇರೆ ಪ್ರೊಸೆಸರುಗಳ ಬೇಕಿಲ್ಲದ ಟಾರ್ಗೆಟ್‌ಗಳನ್ನೆಲ್ಲ ಸುಮ್ನೆ ಆಸೆಗೆ ಆನ್ ಮಾಡಿದ್ದೆ. ಕ್ಯೂಎಮು ಒಂದೊಂದು ಟಾರ್ಗೆಟ್‌ಗೂ ಎಷ್ಟೋ ಫೈಲುಗಳನ್ನು ಮತ್ತೆ ಮತ್ತೆ ಕಂಪೈಲ್ ಮಾಡುತ್ತದೆ. ಕೊಬ್ಬರಿ ಬಿಲ್ಲಿಗೆ ಸ್ಪಾರ್ಕ್ ಯಾಕೆ? ಮಾಮೂಲಿ ಪಿಸಿಯ ಎಕ್ಸ್86-64 ಒಂದನ್ನೇ ಉಳಿಸಿದೆ. ಆದರೂ ಬಿತ್ತು.

ಇಲ್ಲಿ ನಾನು ದಡ್ಡನಾದೆ. ಮೆಮೊರಿ ಲೆಕ್ಕ ತೋರಿಸುವ 'ಫ್ರೀ' ಕಮಾಂಡ್ ಕೊಟ್ಟಾಗ ಕ್ಯಾಶ್ ಅನ್ನುವ ಕಾಲಂನಲ್ಲಿ 5 ಜಿಬಿ ತೋರಿಸುತ್ತಿತ್ತು. ಕ್ಯಾಶ್ ಅಂದರೆ ಡಿಸ್ಕಿನ ಫೈಲುಗಳ ತಾತ್ಕಾಲಿಕ ನಕಲು ತಾನೇ, ಬೇಕಾದಾಗ ಕರ್ನಲ್ ಬಿಟ್ಟುಕೊಡುತ್ತೆ ಅಂತ ಮುಂದೆ ಹೋಗಿದ್ದೆ. ಪಕ್ಕದ 'ಶೇರ್ಡ್' ಕಾಲಂ ನೋಡಿರಲಿಲ್ಲ. ಅಲ್ಲಿ 4 ಜಿಬಿಗಿಂತ ಜಾಸ್ತಿ ಇತ್ತು. ರ‍್ಯಾಮನ್ನೇ ಡಿಸ್ಕಿನಂತೆ ಬಳಸುವ ಟಿಎಂಪಿಎಫ್‌ಎಸ್‌ನಲ್ಲಿರುವ ಫೈಲುಗಳು ಸೇರುವುದು ಅಲ್ಲಿಗೇ. ಬಿಲ್ಡ್ ಬೇಗ ಆಗಲಿ, ಎಸ್‌ಎಸ್‌ಡಿ ಸವೆಯದಿರಲಿ ಅಂತ ಜೆಂಟೂದಲ್ಲಿ ಪ್ಯಾಕೇಜ್ ಕಂಪೈಲ್ ಮಾಡಿಸುವ ಪೋರ್ಟೇಜಿನ ಕೆಲಸದ ಫೋಲ್ಡರನ್ನು ನಾನೇ ಒಂದು ದಿನ ರ‍್ಯಾಮಿನ ಮೇಲೆ ಕೂರಿಸಿದ್ದೆ. ಒಳಗೆ ಇಣುಕಿದರೆ ವೆಬ್ ಪುಟ ತೋರಿಸುವ ದೊಡ್ಡ ಲೈಬ್ರರಿ ವೆಬ್‌ಕಿಟ್-ಜಿಟಿಕೆ! ಭಾನುವಾರ ಅರ್ಧಕ್ಕೆ ನಿಂತ ಬಿಲ್ಡ್, 4.1 ಜಿಬಿ. ಬಿಲ್ಡ್ ಫೇಲ್ ಆದರೆ ನೋಡಲು ಬೇಕಾದೀತು ಅಂತ ಪೋರ್ಟೇಜ್ ಆ ಕಸವನ್ನು ಹಾಗೇ ಇಡುತ್ತದೆ. ರೀಬೂಟ್ ಮಾಡಿದ್ದರೆ ತಾನೇ ಹೋಗುತ್ತಿತ್ತು, ನಾನೋ ದಿನಾ ಮುಚ್ಚಳ ಮುಚ್ಚಿ ಎದ್ದು ಹೋಗುವ ಗಿರಾಕಿ. ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಸ್ವಾಪ್ ಜಾಗ ಬೇರೆ ಇರಲಿಲ್ಲ, ಹಾಗಾಗಿ ಆ 4 ಜಿಬಿಯನ್ನು ಆಚೆ ತಳ್ಳಲು ಕರ್ನಲ್‌ಗೆ ಜಾಗವೇ ಇಲ್ಲ. ಅದು ಪಾಪ ಕೈಗೆ ಸಿಕ್ಕ ಕಂಪೈಲರನ್ನು ಕೊಲ್ಲುತ್ತಿತ್ತು, ಕೊಂದರೂ ಕಸ ಮಾತ್ರ ಅಲ್ಲೇ.

ಡಿಸ್ಕಿನ ಜಾಗ ಮುಗಿದಿದ್ದರೆ ನೇರವಾಗಿ ಜಾಗವಿಲ್ಲ ಅಂತ ಎರರ್ ಬರುತ್ತಿತ್ತು, ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆದರೆ ಟಿಎಂಪಿಎಫ್‌ಎಸ್‌ಗೆ ನಾನು ಕೊಟ್ಟಿದ್ದ ಮಿತಿ 6 ಜಿಬಿ, ಅದು ತುಂಬುವ ಮೊದಲೇ ರ‍್ಯಾಮ್ ಖಾಲಿ.

ಆ ಫೋಲ್ಡರ್ ಅಳಿಸಿದೆ. 4 ಜಿಬಿಯ ಸ್ವಾಪ್ ಫೈಲ್ ಮಾಡಿದೆ. ವೆಬ್‌ಕಿಟ್‌ನಂಥ ದೊಡ್ಡ ಪ್ಯಾಕೇಜುಗಳು ಇನ್ನು ಮುಂದೆ ಡಿಸ್ಕಿನಲ್ಲೇ ಕಂಪೈಲ್ ಆಗಲಿ ಅಂತ ಪ್ಯಾಕೇಜ್ ಡಾಟ್ ಎನ್ವ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಬರೆದೆ. ಫೇಲ್ ಆದ ಕಸವನ್ನು ತಾನಾಗಿ ಗುಡಿಸುವ 'ಫೇಲ್-ಕ್ಲೀನ್' ಅನ್ನುವ ಆಯ್ಕೆಯೂ ಇದೆ, ಅದನ್ನು ಹಾಕಿಲ್ಲ, ಲಾಗ್ ಬೇಕಾಗುತ್ತೆ ನನಗೆ. ನಾಲ್ಕು ಜಾಬ್ ಕೊಟ್ಟೆ, ಕಾಫಿ ಕುಡಿದು ಬರುವಷ್ಟರಲ್ಲಿ ಕ್ಯೂಎಮು ಸಿದ್ಧ.

ರಾತ್ರಿ ಎಕ್ಸ್‌ಪಿಯ ಹಸಿರು ಗುಡ್ಡ ಕಂಡಿತು, ಬಿಲ್ ಸಾಫ್ಟ್‌ವೇರೂ ತೆರೆಯಿತು. ಖುಷಿಯಲ್ಲಿ ದೊಡ್ಡಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಒಂದು ನಿಮಿಷ ಸುಮ್ಮನೆ ನೋಡಿ ಕೇಳಿದರು, "ಎಲ್ಲಾ ಸರಿ ಕಣೋ, ನಮ್ಮ ಟರ್ ಟರ್ ಅನ್ನೋ ಪ್ರಿಂಟರ್ ಇದಕ್ಕೆ ಕೂರುತ್ತಾ?"